ಬ್ಯಾಟ್ರಿ ಕಿಸೆದಾಗ ಬಂದ ಕಥಿ

ನಮ್ಮ ಕಡೆ ಟಾರ್ಚಿಗೆ ‘ಬ್ಯಾಟ್ರಿ’ ಅಂತಾರ. ಅದರೊಳಗ ಹಾಕೂದಕ್ಕ ‘ಸೆಲ್ಲು’ ಅಂತಾರ. ಇಂಗ್ಲಿಷ್ ಸಾಲಿಗೆ ಹೋದ ಹುಡುಗ್ರು ಇದನ್ನ ಕೇಳಿ ನಗತಾರ. ನಗಲಿ ಬಿಡ್ರಿ. ಈ ಸಾಮಾನಿನ ಇತಿಹಾಸ ಓದಿದ ಮ್ಯಾಲ, ನಮ್ಮ ಹಿರ್ಯಾರು ಇಟ್ಟ ಹೆಸರ ಖರೇ ಅಂತ ನನಗ ಅನಸೇದ. ಟಾರ್ಚು ಹುಟ್ಟಿದ್ದ ಸೆಲ್ಲಿನಿಂದ. ಕಿಸೆದಾಗ ಹಿಡಿಯೂವಷ್ಟು ಸಣ್ಣದಾದದ್ದೂ ಅರ್ಧ ಸೆಲ್ಲಿನಿಂದನ.

ಬಾಜೂಮನಿ ವೈನಿ ಮೊನ್ನೆ, “ಬಳ್ಳಷ್ಟ ಉದ್ದ ಇಲ್ಲ, ಇಡೀ ಓಣಿ ಬೆಳಗತದ, ಇದೆಂಥಾ ಮಾಯಾ ಅಂತೀನಿ” ಅಂದ್ರು. ಮಾಯಾ ಏನಲ್ಲ ವೈನಿ. ನೂರಾ ಇಪ್ಪತ್ತೈದು ವರ್ಷ ಒಬ್ಬರ ಹಿಂದ ಒಬ್ಬರು ಒಂದೊಂದು ತೊಡಕು ಬಿಡಿಸಿಕೋತ ಬಂದಾರ. ಆ ಕಥಿ ನಮ್ಮ ಹೆಣ್ಮಕ್ಕಳಿಗೆ ಗೊತ್ತಿರಬೇಕು. ಕತ್ತಲದಾಗ ಹಿತ್ತಲಕ್ಕ ಹೋಗೂವಾಗ ಬೆಳಕು ಯಾರ ಕೈಯಾಗ ಇರ್ತಿತ್ತು, ಯಾರ ಕೈಯಾಗ ಇರ್ತಿದ್ದಿಲ್ಲ ಅನ್ನೂದು ನಮಗ ಗೊತ್ತಿದ್ದಷ್ಟು ಬ್ಯಾರೆ ಯಾರಿಗೂ ಗೊತ್ತಿಲ್ಲ.

ಮೊದಲ ಸೆಲ್ಲಿನ ಮಾತು. 1866ರಾಗ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ ಅನ್ನಾವ್ರು ಒಂದು ಸೆಲ್ ಮಾಡಿದ್ರು. ನೋಡಾಕ ಉಪ್ಪಿನಕಾಯಿ ಭರಣಿ ಇದ್ದಂಗ. ಗಾಜಿನ ಭರಣಿ, ಅದರಾಗ ನವಸಾಗರದ ನೀರು, ನೀರಾಗ ಒಂದು ಸತುವಿನ ಕಡ್ಡಿ, ಒಂದು ಇದ್ದಲಿ ಕಡ್ಡಿ. ಮನಿ ಗಂಟಿ ಬಾರಸಾಕ, ತಾರು ಕಳಿಸಾಕ ಛಲೋ ಇತ್ತು. ಆದ್ರ ಕೈಯಾಗ ಹಿಡಕೊಂಡು ನಡದ್ರ ನೀರು ಚೆಲ್ಲಿ ಹೋಗ್ತಿತ್ತು. 1886ರಾಗ ಜರ್ಮನಿಯ ಮೈನ್ಸ್ ಊರಿನ ಕಾರ್ಲ್ ಗಾಸ್ನರ್ ಅದಕ್ಕೊಂದು ಉಪಾಯ ಮಾಡಿದ್ರು. ನವಸಾಗರದ ನೀರಿಗೆ ಪ್ಲಾಸ್ಟರ್ ಕಲಿಸಿ ಗಟ್ಟಿ ಹಿಟ್ಟಿನಂಗ ಮಾಡಿದ್ರು. ಸತುವನ್ನ ಕಡ್ಡಿ ಮಾಡೂದು ಬಿಟ್ಟು ಡಬ್ಬಿ ಮಾಡಿ, ಆ ಹಿಟ್ಟನ್ನ ಅದರಾಗ ತುಂಬಿದ್ರು. ಮಕಾಡೆ ಹಾಕಿದ್ರೂ ಚೆಲ್ಲೂದಿಲ್ಲ. ಒಣ ಸೆಲ್ ಅಂದ್ರ ಇದ.

ಆ ಸತುವಿನ ಡಬ್ಬಿ ಬರೇ ಡಬ್ಬಿ ಅಲ್ಲ ಮತ್ತ. ಕರೆಂಟ್ ಹುಟ್ಟಬೇಕಂದ್ರ ಅದ ಸ್ವಲ್ಪ ಸ್ವಲ್ಪ ಕರಗಬೇಕು. ಅದಕ್ಕ ನಮ್ಮ ಹಳೇ ಬ್ಯಾಟ್ರಿಯೊಳಗ ಸೆಲ್ ಮರತು ಬಿಟ್ರ ಡಬ್ಬಿ ತೂತು ಬಿದ್ದು ರಸ ಸೋರಿ, ಒಳಗಿನ ಸ್ಪ್ರಿಂಗ್ ಎಲ್ಲಾ ಹಸರು ಕಿಲುಬು ಹಿಡೀತಿತ್ತು.

ಮುಂದ 1898ರ ಸುಮಾರಿಗೆ ಅಮೆರಿಕಾದ ಕ್ಲೀವ್‌ಲ್ಯಾಂಡ್ ಊರಿನ ನ್ಯಾಶನಲ್ ಕಾರ್ಬನ್ ಕಂಪನಿ, ನಾವು ‘ದೊಡ್ಡ ಸೆಲ್’ ಅನ್ನೂ ಡಿ ಅಳತಿ ಸೆಲ್ ಮಾಡಿತು. ಅದ ಹೊತ್ತಿನಾಗ ನ್ಯೂಯಾರ್ಕಿನ್ಯಾಗ ಕಾನ್ರಾಡ್ ಹ್ಯೂಬರ್ಟ್ ಅಂತೊಬ್ರು ವ್ಯಾಪಾರಸ್ಥರಿದ್ರು. ಅವರ ಹುಟ್ಟಿದ ಹೆಸರು ಅಕಿಬಾ ಹೊರೊವಿಟ್ಸ್. ಮಿನ್‌ಸ್ಕ್ ಕಡೆಯಿಂದ ಬದುಕು ಹುಡುಕಿಕೊಂಡು ಬಂದಾವ್ರು. ಅವರ ಕಂಪನಿಗೆ ಕೆಲಸ ಮಾಡಿಕೊಟ್ಟಾವ್ರು ಡೇವಿಡ್ ಮಿಸೆಲ್ ಅನ್ನೂ ಇಂಗ್ಲೆಂಡಿನವರು. ಕಾಗದದ ಕೊಳವಿಯೊಳಗ ಡಿ ಸೆಲ್ಲುಗಳನ್ನ ಒಂದರ ಹಿಂದ ಒಂದು ಜೋಡಸಿ, ಮುಂದ ಒಂದು ಬಲ್ಬು, ಅದರ ಹಿಂದ ಹಿತ್ತಾಳಿದೊಂದು ಬಟ್ಟಲಿಟ್ರು. 1899ರ ಜನೆವರಿ 10ಕ್ಕ ಮಿಸೆಲ್ ಅವರಿಗೆ ಪೇಟೆಂಟ್ ಸಿಕ್ಕಿತು. ಹಿಂಗ ಮಾಡಿದ ಕೆಲವೊಂದನ್ನ ನ್ಯೂಯಾರ್ಕ್ ಪೊಲೀಸರಿಗೆ ಪುಕ್ಕಟ ಕೊಟ್ರು. ಪೊಲೀಸರು ಹೊಗಳಿದ್ರು, ವ್ಯಾಪಾರ ಹತ್ತಿತು.

ಇದಕ್ಕ ಇಂಗ್ಲಿಷಿನ್ಯಾಗ ‘ಫ್ಲ್ಯಾಶ್‌ಲೈಟ್’ ಅಂತ ಯಾಕ ಹೆಸರು ಬಂತು ಗೊತ್ತೇನ್ರಿ? ಆಗಿನ ಬಲ್ಬಿನೊಳಗ ಇದ್ದದ್ದು ಇದ್ದಲಿ ಎಳಿ. ಅದು ಸೆಲ್ಲಿನ ಶಕ್ತಿ ಗಟಗಟ ಕುಡೀತಿತ್ತು, ಬೆಳಕು ಮಾತ್ರ ಕೆಂಪಂದು, ಮಂದ. ಸೆಲ್ಲಿಗೂ ಭಾಳ ಹೊತ್ತು ತಡಕೊಳ್ಳೂ ದಮ್ ಇರ್ತಿದ್ದಿಲ್ಲ. ಹಂಗಾಗಿ ಒಂದ ಕ್ಷಣ ಒತ್ತಿ, ಮಿಂಚಿನಂಗ ನೋಡಿಕೊಂಡು, ಬಿಟ್ಟಬಿಡಬೇಕು. ಒತ್ತಿ ಹಿಡಿದ್ರ ಹೊತ್ತಿತು, ಬಿಟ್ರ ಆರಿತು. ಮಿಂಚಿ ಹೋಗೂ ಬೆಳಕು ಅಂತನ ಆ ಹೆಸರು.

1910ರಾಗ ಅಮೆರಿಕಾದ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಲಿಯಂ ಕೂಲಿಜ್ ಅವರು ಟಂಗ್‌ಸ್ಟನ್ ಲೋಹವನ್ನ ಶ್ಯಾವಗಿ ಎಳದಂಗ ಎಳಿ ಎಳಿಯಾಗಿ ಎಳಿಯೂ ಹದ ಕಂಡುಹಿಡಿದ್ರು. ಆ ಎಳಿ ಬಲ್ಬಿಗೆ ಬಂದ ಮ್ಯಾಲ ಬೆಳಕು ಬಿಳಿ ಆತು, ಸೆಲ್ಲೂ ಭಾಳ ಹೊತ್ತು ಬಾಳಾಕ ಹತ್ತಿತು. ಹ್ಯೂಬರ್ಟ್ ಅವರ ಕಂಪನಿ ‘ಎವರ್ ರೆಡಿ’ ಅಂತ ಆಗಿ, 1914ರಾಗ ಪೂರಾ ನ್ಯಾಶನಲ್ ಕಾರ್ಬನ್ ಕೈಗೆ ಹೋತು. ಬರಿಗೈಲೆ ಬಂದಿದ್ದ ಹ್ಯೂಬರ್ಟ್ 1928ರಾಗ ತೀರಿಕೊಂಡಾಗ, ಆಸ್ತಿಯ ಮುಕ್ಕಾಲು ಪಾಲು ದಾನಕ್ಕ ಬರದಿಟ್ಟಿದ್ರು.

ಟಾರ್ಚು ಹೆಣ್ಮಕ್ಕಳ ಚೀಲದಾಗ ಸೇರಿದ್ದಕ್ಕ ಒಂದು ದೊಡ್ಡ ಕಾರಣ ಯುದ್ಧ. 1939ರ ಸೆಪ್ಟೆಂಬರ್ ಒಂದನೇ ತಾರೀಖಿನಿಂದ ಇಂಗ್ಲೆಂಡಿನ್ಯಾಗ ವಿಮಾನದ ಅಂಜಿಕಿಗೆ ಬೀದಿ ದೀಪ ಎಲ್ಲಾ ಆರಿಸಿದ್ರು. ಕಿಡಕಿಗೆ ಕರೇ ಪರದೆ. ಕೆಲಸ ಮುಗಿಸಿ ಮನಿಗೆ ಬರೂ ಹೆಣ್ಮಕ್ಕಳು ಕಗ್ಗತ್ತಲದಾಗ ಎಡವಿ ಬಿದ್ರು, ಗಾಡಿ ಕೆಳಗ ಸಿಕ್ಕರು. ಕಡಿಗೆ ಸರಕಾರ ಸಣ್ಣ ಟಾರ್ಚಿಗೆ ಒಪ್ಪಿತು, ಆದ್ರ ಗಾಜಿನ ಮ್ಯಾಲ ಎರಡು ಪದರು ತೆಳು ಕಾಗದ ಅಂಟಿಸಿ, ನೆಲದ ಕಡೆ ಹಿಡಕೊಂಡು ಹೋಗಬೇಕು ಅಂತ. ಅವಕ್ಕ ಹಾಕೂ 8ನೇ ನಂಬರಿನ ಸಣ್ಣ ಸೆಲ್ ಅಂಗಡ್ಯಾಗ ಸಿಗದಂಗಾಗಿ ಮಂದಿ ಸರತಿ ಹಚ್ಚಿದ್ರಂತ. ಬೆಳಕು ಎಷ್ಟು ದೂರ ಹೋಗ್ತದ ಅನ್ನೂದು ಅವರಿಗೆ ಬೇಕಾಗಿದ್ದಿಲ್ಲ. ಕಾಲ ಮುಂದಿನ ನಾಲ್ಕು ಹೆಜ್ಜಿ ಕಂಡ್ರ ಸಾಕಾಗಿತ್ತು. ಈ ಮಾತು ನೆನಪಿಟ್ಟುಕೋರಿ, ಮುಂದ ಮತ್ತ ಬರ್ತದ.

ಅದ 1939ರಾಗ ನಮ್ಮ ದೇಶದೊಳಗ ಕಲಕತ್ತಾದಾಗ ಎವರೆಡಿ ಸೆಲ್ಲಿನ ಕಾರಖಾನಿ ಶುರುವಾತು. 1958ರಾಗ ಲಖನೌದಾಗ ಟಾರ್ಚಿನ ಕಾರಖಾನಿ ಬಂತು. ಆಮ್ಯಾಲ ಹಳ್ಳಿ ಹಳ್ಳಿಗೂ ಹಿತ್ತಾಳಿ, ತಗಡಿನ ಬ್ಯಾಟ್ರಿ ಮುಟ್ಟಿದ್ವು. ಒಂದು ನೋವಿನ ಸಂಗತಿನೂ ಇಲ್ಲೆ ಹೇಳಬೇಕು. ಆ ಕಂಪನಿಗೆ ನಮ್ಮ ದೇಶದಾಗ ಯೂನಿಯನ್ ಕಾರ್ಬೈಡ್ ಇಂಡಿಯಾ ಅಂತ ಹೆಸರಿತ್ತು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಳದಾಗ ವಿಷದ ಗಾಳಿ ಬಿಟ್ಟದ್ದು ಅದ ಕಂಪನಿಯ ಕೀಟನಾಶಕದ ಕಾರಖಾನಿ. ಮಲಗಿದ್ದ ಮಂದಿ ಸಾವಿರ ಸಾವಿರ ಲೆಕ್ಕದಾಗ ಸತ್ರು, ಕಣ್ಣು ಶ್ವಾಸ ಕಳಕೊಂಡಾವ್ರು ಇನ್ನೂ ಹೆಚ್ಚು. ನಮ್ಮ ಮನಿಗೆ ಬೆಳಕು ಕೊಟ್ಟ ಸೆಲ್ಲಿನ ಮ್ಯಾಲಿದ್ದದ್ದೂ ಆ ಕಂಪನಿ ಹೆಸರ ಅನ್ನೂದನ್ನ ಬಿಟ್ಟು ಈ ಇತಿಹಾಸ ಬರ್ಯಾಕ ನನ್ನ ಕೈ ಬರೂದಿಲ್ಲ. 1994ರಾಗ ಆ ಕಂಪನಿ ಬ್ಯಾರೆಯವರ ಕೈಗೆ ಮಾರಾಟ ಆಗಿ, ಎವರೆಡಿ ಅನ್ನೂ ಹೆಸರಿನ್ಯಾಗ ಮುಂದುವರೀತು.

ನಮ್ಮ ಮನಿಗಳೊಳಗ ಆ ಮೂರು ಸೆಲ್ಲಿನ ಬ್ಯಾಟ್ರಿ ಎಲ್ಲಿರ್ತಿತ್ತು ನೆನಸಿಕೋರಿ. ಪಡಸಾಲಿಯೊಳಗ, ಅಜ್ಜಾರ ಹಾಸಗಿ ದಿಂಬಿನ ಬಾಜೂಕ. ರಾತ್ರಿ ಹೊಲಕ್ಕ ನೀರು ಹಾಯಸಾಕ ಹೋಗೂ ಗಂಡಸರ ಕೈಯಾಗ. ಒಂದೊಂದು ಸೆಲ್ಲು ಸುಮಾರು 100 ಗ್ರಾಂ, ಮೂರು ಸೆಲ್ಲು ಹಾಕಿದ್ರ ಒಂದು ಬಡಗಿ ಹಿಡದಂಗ. ನಾವು ಕೇಳಿದ್ರ “ಸೆಲ್ ಖರ್ಚಾಗ್ತಾವ, ಇಡು” ಅನ್ನೂ ಮಾತು. ಅವ್ವ, ಕಾಕು, ಅತ್ತಿ ಎಲ್ಲಾರೂ ಚಿಮಣಿಗೆ ಸೆರಗು ಮರಿ ಹಿಡದು ಹಿತ್ತಲಕ್ಕ, ಬಯಲಿಗೆ ಹೋಗ್ತಿದ್ರು. ಗಾಳಿ ಬಂದ್ರ ಚಿಮಣಿ ಆರಿ ಹೋಗೂದು. ಹಾವು ಚೇಳು ಎಲ್ಲಾರಿಗೂ ಒಂದ, ಬೆಳಕು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ನಮೂನಿ.

ಸೆಲ್ಲು ಮಂದ ಆದ್ರ ಮಾಳಗಿ ಮ್ಯಾಲ ಬಿಸಲಿಗೆ ಇಡೂದು ನಮ್ಮೆಲ್ಲಾರ ಮನಿ ಪದ್ಧತಿ. ಅದೇನು ಸುಳ್ಳಲ್ಲ ಮತ್ತ. ಕಾವಿಗೆ ಒಳಗಿನ ರಸಾಯನ ಸ್ವಲ್ಪ ಚುರುಕಾಗಿ, ಉಳದ ಶಕ್ತಿ ಹೊರಗ ಬರ್ತದ. ಹೊಸಾ ಶಕ್ತಿ ಏನೂ ತುಂಬೂದಿಲ್ಲ. ಆದ್ರ ಈಗಿನ ಚಾರ್ಜ್ ಮಾಡೂ ಸೆಲ್ಲನ್ನ ಹಂಗ ಬಿಸಲಿಗೆ ಇಡಬ್ಯಾಡ್ರಿ. ಅವು ಉಬ್ಬತಾವ, ಬೆಂಕಿನೂ ಹತ್ತಬಹುದು.

ಟಾರ್ಚನ್ನ ಗಟ್ಟಿಮುಟ್ಟಾಗಿ ಸಣ್ಣದು ಮಾಡಿದಾವ್ರ ಪೈಕಿ ಆಂಟನಿ ಮಾಗ್ಲಿಕಾ ಅವರ ಹೆಸರು ದೊಡ್ಡದು. ನ್ಯೂಯಾರ್ಕಿನ್ಯಾಗ ಹುಟ್ಟಿ, ಅವ್ವನ ಕೂಡ ಕ್ರೊಯೇಷಿಯಾದ ಝ್ಲಾರಿನ್ ಅನ್ನೂ ನಡುಗಡ್ಡಿಗೆ ಹೋಗಿ, ಬಡತನ ಉಂಡು ಬೆಳದು, ಮತ್ತ ಅಮೆರಿಕಾಕ್ಕ ಬಂದು ಲೇಥ್ ಮಶೀನಿನ ಕೆಲಸಕ್ಕ ನಿಂತ್ರು. 1979ರಾಗ ಅಲ್ಯುಮಿನಿಯಂ ಮೈಯಿನ ಮ್ಯಾಗ್‌ಲೈಟ್ ತಂದ್ರು. ಬಿದ್ರ ಒಡಿಯೂದಿಲ್ಲ, ಮಳ್ಯಾಗ ಕೆಡೂದಿಲ್ಲ. 1984ರಾಗ ಎರಡು ಪೆನ್ ಸೆಲ್ಲಿನ ಸಣ್ಣದು ಬಂತು. ತಲಿ ತಿರುವಿದ್ರ ಹತ್ತತದ, ಇನ್ನಷ್ಟು ತಿರುವಿದ್ರ ಬೆಳಕು ಅಗಲ ಆಗ್ತದ. ಮೈ ಪೂರಾ ಕಿಸೆದಾಗ ಬಂತು. ಬೆಳಕು ಮಾತ್ರ ಸಣ್ಣದ ಉಳೀತು, 20 ಲುಮೆನ್ ಒಳಗ. ಲುಮೆನ್ ಅಂದ್ರ ಒಟ್ಟು ಎಷ್ಟು ಬೆಳಕು ಹೊರಗ ಬಂತು ಅನ್ನೂ ಅಳತಿ. ನಮ್ಮ ಹಳೇ 60 ವ್ಯಾಟಿನ ಬಲ್ಬು ಸುಮಾರು 700 ಲುಮೆನ್ ಕೊಡ್ತಿತ್ತು.

ತಂತಿ ಬಲ್ಬು ಅಲ್ಲಿಗೇ ನಿಂತಿತು. ಅದು ತಿಂದ ಶಕ್ತ್ಯಾಗ ಹತ್ತರಾಗ ಒಂದು ಪಾಲೂ ಬೆಳಕಾಗೂದಿಲ್ಲ, ಉಳದದ್ದೆಲ್ಲಾ ಕಾವು. ಆ ತೊಡಕು ಬಿಡಿಸಿದಾವ್ರು ಜಪಾನಿನವರು. ಕೆಂಪು ಎಲ್‌ಇಡಿ 1962ರಾಗ ಬಂದಿತ್ತು, ಆದ್ರ ನೀಲಿ ಇಲ್ಲದ ಬಿಳಿ ಬೆಳಕು ಆಗೂದಿಲ್ಲ. ಅಕಾಸಾಕಿ, ಅಮಾನೊ ಅವರು ನಗೋಯಾದಾಗ, ನಾಕಾಮುರಾ ಅವರು ನಿಚಿಯಾ ಕಂಪನಿಯೊಳಗ ವರ್ಷಗಟ್ಟಲೆ ದುಡದ್ರು. 1993ರಾಗ ನಾಕಾಮುರಾ ಅವರ ಪ್ರಖರ ನೀಲಿ ಎಲ್‌ಇಡಿ ಹೊರಗ ಬಂತು. 1996ರಾಗ ನೀಲಿ ಎಲ್‌ಇಡಿ ಮ್ಯಾಲ ಹಳದಿ ಪುಡಿ ಲೇಪ ಹಚ್ಚಿ ಬಿಳಿ ಬೆಳಕು ಮಾಡಿದ್ರು. ಟಾರ್ಚು ಆರಿಸಿ ಒಳಗ ಬಗ್ಗಿ ನೋಡ್ರಿ, ಅರಿಷಿಣ ಚುಕ್ಕಿಯಂಗ ಒಂದು ಕಾಣ್ತದಲ್ಲಾ, ಅದ ಆ ಲೇಪ. ಮೂರೂ ಮಂದಿಗೆ 2014ರಾಗ ನೊಬೆಲ್ ಬಂತು.

ಸೆಲ್ಲಿನ ಕಡೆಯಿಂದ, 1991ರಾಗ ಸೋನಿ ಕಂಪನಿ ಲಿಥಿಯಂ ಸೆಲ್ಲು ಮಾರಾಟಕ್ಕ ತಂತು. ಟಾರ್ಚಿನವರು ಹೆಚ್ಚಾಗಿ ಹಿಡದದ್ದು 18650 ಅನ್ನೂ ಅಳತಿ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ತೂಕ 50 ಗ್ರಾಂ ಒಳಗ. ಹೊಸಾ ಎಲ್‌ಇಡಿಗೆ ಈ ಸೆಲ್ ಜೋಡಿ ಆದ ಮ್ಯಾಲ ಕಿಸೆದಾಗಿನ ಟಾರ್ಚು 1000 ಲುಮೆನ್ ದಾಟಿತು.

ಆಗ ಹೊಸಾ ತೊಡಕು ಎದ್ದಿತು, ಕಾವು. 1000 ಲುಮೆನ್ನಿಗೆ ಸುಮಾರು 10 ವ್ಯಾಟ್ ಬೇಕು. ಅದರಾಗ ಅರ್ಧಕ್ಕಿಂತ ಹೆಚ್ಚು ಕಾವ ಆಗ್ತದ. ಹಳೇ ಬಲ್ಬು ಕಾವನ್ನ ಬೆಳಕಿನ ಕೂಡನ ಮುಂದಕ್ಕ ಒಗೀತಿತ್ತು. ಎಲ್‌ಇಡಿ ಹಂಗ ಒಗಿಯೂದಿಲ್ಲ, ಅದರ ಕಾವು ಬೆನ್ನಿಗೇ ಕೂಡ್ತದ. ಅದನ್ನ ತಾಮ್ರದ ಬಿಲ್ಲಿ ಮ್ಯಾಲ ಕೂಡಸಿ, ಅಲ್ಲಿಂದ ಅಲ್ಯುಮಿನಿಯಂ ಮೈಗೆ, ಮೈಯಿಂದ ನಮ್ಮ ಅಂಗೈಗೆ, ಗಾಳಿಗೆ ಹರಿಸಬೇಕು. ದೊಡ್ಡ ಹಂಚು ಲಗೂ ಕಾಯೂದಿಲ್ಲ, ಸಣ್ಣ ಹಂಚು ಎರಡ ನಿಮಿಷಕ್ಕ ಕಾದುಬಿಡ್ತದ, ಇದೂ ಹಂಗ. ಅದಕ್ಕ ಒಳಗ ಒಂದು ಸಣ್ಣ ಸರ್ಕಿಟ್ ಕುಂತು, ಕಾವು ಏರಿದ ಕೂಡಲೆ ಬೆಳಕು ತಾನ ಇಳಸ್ತದ. ಡಬ್ಬಿ ಮ್ಯಾಲ 1000 ಅಂತ ಇದ್ದದ್ದು ಮೂರು ನಿಮಿಷದಾಗ 400 ಆದ್ರ ಮೋಸ ಅಂತ ತಿಳೀಬ್ಯಾಡ್ರಿ, ಕೈ ಸುಡದಂಗ ಮಾಡಿದ ವ್ಯವಸ್ಥಾ ಅದು.

ಡಬ್ಬಿ ಮ್ಯಾಲ ಮನಸ್ಸಿಗೆ ಬಂದ ಅಂಕಿ ಹಾಕೂದು ಹೆಚ್ಚಾಗಿತ್ತು. 2009ರಾಗ ಅಮೆರಿಕಾದಾಗ ಎಫ್‌ಎಲ್-1 ಅನ್ನೂ ಅಳತಿ ಪದ್ಧತಿ ಬಂತು. ಹಚ್ಚಿ 30 ಸೆಕೆಂಡ್ ಆದ ಮ್ಯಾಲನ ಬೆಳಕು ಅಳೀಬೇಕು. ಬೆಳಕು ಹತ್ತರಾಗ ಒಂದು ಪಾಲಿಗೆ ಇಳಿಯೂತನಕ ಎಷ್ಟು ಹೊತ್ತೋ ಅದ ಅದರ ಬಾಳಿಕಿ. ಇನ್ನ ದೂರ ಅಂದ್ರ, ಬೆಳಕು ಹುಣ್ಣಿವಿ ಬೆಳದಿಂಗಳಷ್ಟಕ್ಕ ಇಳಿಯೂ ಜಾಗದ ತನಕ. ಎರಡ ಪಟ್ಟು ದೂರ ಕಾಣಬೇಕಂದ್ರ ನಾಲ್ಕ ಪಟ್ಟು ಪ್ರಖರತೆ ಬೇಕು, ಹಂಗಾಗಿ ಬರೇ ಲುಮೆನ್ ಅಂಕಿಗೆ ಮಾರು ಹೋಗಬಾರದು.

ಈಗ ಇಂಗ್ಲೆಂಡಿನ ಆ ಹೆಣ್ಮಕ್ಕಳ ಮಾತಿಗೆ ಬರ್ತೀನಿ. ಈ ಟಾರ್ಚಿನ್ಯಾಗ ನನಗ ಭಾಳ ಸೇರೂದು 1000 ಲುಮೆನ್ ಅಲ್ಲ, ಅದರ ಎಲ್ಲಾಕ್ಕಿಂತ ಸಣ್ಣ ಬೆಳಕು. ಹತ್ತು ಲುಮೆನ್ನಿನ ಮ್ಯಾಲ ಇಟ್ರ ಒಂದು ಚಾರ್ಜಿಗೆ ಹತ್ತಾರು ತಾಸು ಬರ್ತದ. ಬಚ್ಚಲಕ್ಕ ಹೋಗಾಕ, ಕೂಸಿನ ಮೈ ಬಿಸಿ ಅದ ಏನ ನೋಡಾಕ, ಕರೆಂಟ್ ಹೋದಾಗ ಒಲಿ ಮುಂದ ನಿಂದ್ರಾಕ ಅಷ್ಟ ಸಾಕು. ಯಾರ ನಿದ್ದಿನೂ ಕೆಡೂದಿಲ್ಲ, ಸೆಲ್ ಖರ್ಚಾಗ್ತಾವ ಅಂತ ಯಾರೂ ಅನ್ನೂದಿಲ್ಲ. ಅಷ್ಟು ಮಂದಿ ವಿದ್ವಾಂಸರು ಕೂಡಿ ಮಾಡಿದ ಕೆಲಸದಾಗ ನಮ್ಮ ಮನಿಗೆ ದಕ್ಕಿದ್ದು ಇದು. ಬ್ಯಾಟ್ರಿ ಕೇಳಿ ಇಸಕೊಳ್ಳೂದು ತಪ್ಪಿ, ಒಬ್ಬೊಬ್ಬಾಕಿಗೂ ತಂದು ಅಂತ ಒಂದು ಬೆಳಕು ಆತು.

ತಗೊಳ್ಳೂವಾಗ ಎರಡ ಮಾತು ಕೇಳ್ರಿ. ಭಾಳ ಸಣ್ಣ ಬೆಳಕು ಇಡಾಕ ಬರ್ತದೇನು, ಮತ್ತ ಸೆಲ್ಲು ತಗದು ಬ್ಯಾರೆದು ಹಾಕಾಕ ಬರ್ತದೇನು. ಹೆಸರಿಲ್ಲದ ಸೆಲ್ಲು, ಸುತ್ತಿನ ಪ್ಲಾಸ್ಟಿಕ್ ಹರದ ಸೆಲ್ಲು ಹಾಕಬ್ಯಾಡ್ರಿ. ಇನ್ನ ಹಳೇ ಹಿತ್ತಾಳಿ ಬ್ಯಾಟ್ರಿ ಅಟ್ಟದ ಮ್ಯಾಲ ಇದ್ರ ಮೋಡ್ಕಾದವಗ ಹಾಕಬ್ಯಾಡ್ರಿ ಅಕ್ಕಾ. ಒಳಗಿನ ಸೆಲ್ ಇವತ್ತ ತಗದು, ಹುಣಸಿಹಣ್ಣು ಹಚ್ಚಿ ತಿಕ್ಕಿ ಒರಸಿ ಇಡ್ರಿ. ಎಷ್ಟು ಸೆಲ್ಲಿಂದು ಅದ, ಯಾರ ಕಾಲದ್ದು ಅಂತ ನನಗೂ ಒಂದೆರಡು ಸಾಲು ಬರದು ಹಾಕ್ರಿ.