ಪದ ಪರಿಚಯ: ಹೆಸರು

ಹೆಸರು

ಹೊನ್ನಾಳಿ ಸೀಮೆಯ ಗೋವಿನಕೋವಿಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ, ಪರದೇಶವಾಸಿಗಳಾದ ತಂದೆತಾಯಿಗಳು ಆರಿಸಿದ್ದ ‘ಝೋಯಿ’ ಎಂಬ ನಾಮವನ್ನು, ಆಮಂತ್ರಣಪತ್ರದ ಮೂರು ಆಂಗ್ಲಾಕ್ಷರಗಳನ್ನು ನಂಬಿ ‘ಜೋ’ ಎಂದೇ ಓದಿಬಿಟ್ಟ ಸೋದರಮಾವನನ್ನು ಅಜ್ಜಿ ಕೇಳಿದಳು: “ಜೋ ಅನ್ನೋದು ಹಾಡಾತು, ಹೆಸರೆಲ್ಲೋ?”

ಅಜ್ಜಿ ಕೇಳಿದ ‘ಹೆಸರು’ ಎಂಬ ಪದ ಹಳಗನ್ನಡದಲ್ಲಿ ‘ಪೆಸರ್’. 10ನೆಯ ಶತಮಾನದಿಂದೀಚೆಗೆ, ಪಾಲು ಹಾಲಾದಂತೆ, ಪಕಾರವು ಹಕಾರಕ್ಕೆ ತಿರುಗಿ ಇಂದಿನ ರೂಪ ತಳೆಯಿತು. ತಮಿಳಿನ ಪೆಯರ್, ತೆಲುಗಿನ ಪೇರು, ತುಳುವಿನ ಪುದರ್ ಇದರ ಒಡಹುಟ್ಟುಗಳು. ಕೀರ್ತಿಯೆಂಬ ಅರ್ಥವು ಹೆಸರಾಂತ, ಹೆಸರುವಾಸಿ ಎಂಬಲ್ಲಿ ಇನ್ನೂ ಬಾಳುತ್ತಿದೆ. ಅಡುಗೆಮನೆಯ ಹೆಸರುಬೇಳೆ ಮಾತ್ರ ಬೇರೆ ಕುಲದ್ದು. ಅದರ ಬಂಧು ತಮಿಳಿನ ಪಯರು.

ಝೋಯಿ ಎಂದರೆ ಗ್ರೀಕಿನಲ್ಲಿ ಜೀವ. ಇದನ್ನರಿತಂದಿನಿಂದ ಅಜ್ಜಿ ಮಗುವನ್ನು ‘ಜೀವವ್ವ’ ಎಂದೇ ಕರೆಯುತ್ತಿದ್ದಾಳೆ.