ತೆರೆಯ ಮೇಲೆ ಯಕ್ಷಗಾನ: ಭಾಗವತರು ಎಲ್ಲಿ?

2025ರ ಏಪ್ರಿಲ್‌ನಲ್ಲಿ ರವಿ ಬಸ್ರೂರರ ‘ವೀರ ಚಂದ್ರಹಾಸ’ ಬಿಡುಗಡೆಯಾದಾಗ ಮಣಿಪಾಲದಲ್ಲಿ ಸಿಕ್ಕವರೆಲ್ಲರ ಬಾಯಲ್ಲೂ ಒಂದೇ ಮಾತು: ಅಂತೂ ಯಕ್ಷಗಾನ ಕ್ಯಾಮೆರಾದೆದುರು ಬಂತು. ಮೂವತ್ತು ವರ್ಷ ಆಟದ ಬಯಲಲ್ಲಿ ಕ್ಯಾಮೆರಾ ಹಿಡಿದು ನಿದ್ದೆಗೆಟ್ಟ ನನಗೆ ಆ ಮಾತು ನೋವು ಕೊಟ್ಟಿತು. ಅದಕ್ಕೂ ಮೂರು ವರ್ಷ ಮೊದಲು ‘ಕಾಂತಾರ’ದ ಭೂತಕೋಲವನ್ನೇ ಯಕ್ಷಗಾನ ಎಂದವರನ್ನೂ ಕಂಡಿದ್ದೇನೆ.

ಹಾಡಿನ ರಂಗವನ್ನು ತೆರೆಗೆ ತರುವ ಕೆಲಸ ಕನ್ನಡದ ವಾಕ್ಚಿತ್ರದಷ್ಟೇ ಹಳೆಯದು. 1934ರ ‘ಸತಿ ಸುಲೋಚನ’ದ ನಟರು ರಂಗಭೂಮಿಯವರು, ಮರುವರ್ಷದ ‘ಸದಾರಮೆ’, 1954ರ ‘ಬೇಡರ ಕಣ್ಣಪ್ಪ’ ಎರಡೂ ಗುಬ್ಬಿ ಕಂಪನಿಯ ನಾಟಕಗಳ ಬೆನ್ನು ಹಿಡಿದು ಬಂದವು. ಅಲ್ಲಿ ಮಾತು ಬರೆದಿಟ್ಟದ್ದು. ನಮ್ಮ ಕರಾವಳಿಯ ಯಕ್ಷಗಾನದ ತೊಡಕೇ ಬೇರೆ. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯ ಮಾತ್ರ. ಅರ್ಥ ಆ ರಾತ್ರಿ ವೇಷಧಾರಿಯ ಬಾಯಲ್ಲಿ ಹುಟ್ಟಬೇಕು. ಹಾಗಿರುವಾಗ ಮೂಲಕ್ಕೆ ನಿಷ್ಠರಾಗಿರಿ ಎಂದರೆ ಯಾವ ಮೂಲಕ್ಕೆ?

ಉಡುಪಿಯಲ್ಲಿ ಈ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಂಡದ್ದು ಎಂ.ಜಿ.ಎಂ. ಕಾಲೇಜಿನ ಆವರಣ. ಶಿವರಾಮ ಕಾರಂತರು, ಕು.ಶಿ. ಹರಿದಾಸ ಭಟ್ಟರು ಸೇರಿ 1971ರಲ್ಲಿ ಯಕ್ಷಗಾನ ಕೇಂದ್ರ ಕಟ್ಟಿದರು. ಮುಂದೆ ಜನಪದ ರಂಗಕಲೆಗಳನ್ನು ವೀಡಿಯೊದಲ್ಲಿ ದಾಖಲಿಸುವ ಕೇಂದ್ರವೂ ಅಲ್ಲೇ ಬೆಳೆಯಿತು. ನನ್ನ ಪೀಳಿಗೆ ಆ ಗಾಳಿಯಲ್ಲಿ ಬೆಳೆದದ್ದು. ಇಡೀ ರಂಗಸ್ಥಳ ಚೌಕಟ್ಟಿನಲ್ಲಿರಬೇಕು, ಗೆಜ್ಜೆ ಕಾಣಬೇಕು, ಹಿಂದೆ ಕುಳಿತು ಹಾಡುವ ಭಾಗವತರೂ ಕಾಣಬೇಕು ಎಂಬುದು ನಾವು ಪಾಲಿಸಿದ ನಿಯಮ. ಸಾಲು ಮುಗಿಸುವ ಮೊದಲು ವೇಷಧಾರಿ ಹಿಮ್ಮೇಳದತ್ತ ಒಂದು ನೋಟ ಬೀರುತ್ತಾನೆ, ಭಾಗವತರು ತಾಳ ತುಸು ಎಳೆಯುತ್ತಾರೆ, ಮದ್ದಲೆಯ ಕೈ ಬಿಗಿಯಾಗುತ್ತದೆ, ಆಮೇಲೆ ಗಿರಕಿ ಹೊಡೆದು ಹಾರುವ ದಿಗಿಣ. ನೂರು ವರ್ಷ ಬಾಳಿ 2020ರಲ್ಲಿ ತೀರಿಕೊಂಡ ಹಿರಿಯಡ್ಕ ಗೋಪಾಲರಾಯರ ಮದ್ದಲೆ ಕೇಳಿದವರಿಗೆ ಆ ಕ್ಷಣದ ಬೆಲೆ ಗೊತ್ತು. ಮುಖವನ್ನಷ್ಟೇ ಹತ್ತಿರದಿಂದ ಹಿಡಿದರೆ ಅದು ಪೂರ್ತಿ ಕೈತಪ್ಪುತ್ತದೆ.

ಆದರೆ ಹಾಗೆ ಅಲುಗದೆ ನಿಂತ ಕ್ಯಾಮೆರಾ ಎಲ್ಲ ಕಡೆಯೂ ನಡೆಯುವುದಿಲ್ಲ. ಕಾಪುವಿನ ಬಳಿ ಗದ್ದೆಯೊಂದರಲ್ಲಿ ಕಟೀಲು ಮೇಳದ ‘ದೇವಿ ಮಹಾತ್ಮೆ’ ಹರಕೆಯಾಟ ಚಿತ್ರಿಸುತ್ತಿದ್ದೆ. ಮಹಿಷಾಸುರ ದೊಂದಿ ಹಿಡಿದು ಸಭೆಯ ಹಿಂದಿನಿಂದ ಅಬ್ಬರಿಸಿ ಬಂದ, ರಾಳ ಭಗ್ಗೆಂದಿತು, ಮಕ್ಕಳು ತಾಯಂದಿರ ಮಡಿಲಿಗೆ ಬಿದ್ದರು. ನನ್ನ ಚೌಕಟ್ಟಿನಲ್ಲಿ ಬರಿಯ ರಂಗಸ್ಥಳ. ಅಂದಿನಿಂದ ನಾನು ಎರಡು ಕ್ಯಾಮೆರಾ ಇಡತೊಡಗಿದೆ.

ಕ್ಯಾಸೆಟ್ಟು, ವಿ.ಸಿ.ಡಿ.ಗಳ ಕಾಲ ಬಂತು, ಹೋಯಿತು. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಭಾಗವತ ಕಾಳಿಂಗ ನಾವಡರ ಕಂಠವನ್ನು ಮನೆಮನೆಯಲ್ಲಿ ಉಳಿಸಿದ್ದು ಕ್ಯಾಸೆಟ್ಟೇ.

ಈಗ ಸಿನಿಮಾದ ಸರದಿ. ‘ವೀರ ಚಂದ್ರಹಾಸ’ ವೇಷವನ್ನೂ ಮಾತಿನ ಧಾಟಿಯನ್ನೂ ಬಿಡದೆ, ಮೇಳದ ಕಲಾವಿದರನ್ನೇ ದೊಡ್ಡ ತೆರೆಗೆ ತಂದಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಈ ಕಥೆಯ ಜೀವ ಒಂದು ಪತ್ರದಲ್ಲಿದೆ. ಪತ್ರ ತರುವ ಚಂದ್ರಹಾಸನಿಗೆ ವಿಷ ಕೊಡು ಎಂದು ಮಂತ್ರಿ ದುಷ್ಟಬುದ್ಧಿ ಬರೆದದ್ದನ್ನು ಅವನ ಮಗಳು ವಿಷಯೆ ಕಣ್ಣ ಕಾಡಿಗೆಯಿಂದ ತಿದ್ದಿ ತನ್ನ ಹೆಸರಾಗಿಸುತ್ತಾಳೆ. ಸಿನಿಮಾ ಆ ಅಕ್ಷರವನ್ನೇ ತೆರೆಯ ತುಂಬ ತೋರಿಸಬಲ್ಲದು. ರಂಗಸ್ಥಳದಲ್ಲಿ ಪತ್ರ ಯಾರಿಗೂ ಕಾಣುವುದಿಲ್ಲ. ಬೆರಳು ಕಣ್ಣಿನವರೆಗೆ ಹೋಗಿ ಹಿಂಜರಿಯುವಾಗ ಭಾಗವತರು ಅದೇ ಸಾಲನ್ನು ಮತ್ತೆ ಮತ್ತೆ ಎತ್ತಿಕೊಡುತ್ತಾರೆ. ಆ ಹಿಂಜರಿಕೆಯ ಹೊತ್ತನ್ನು ಕತ್ತರಿಸದೆ ಉಳಿಸುವ ಚಿತ್ರಕ್ಕಾಗಿ ನಾನು ಕಾಯುತ್ತಿದ್ದೇನೆ.

ಕಾರ್ಕಳದಲ್ಲಿ ಈಗ ಯಕ್ಷ ರಂಗಾಯಣ ಎಂಬ ರಂಗಸಂಸ್ಥೆಯಿದೆ; ಮಣಿಪಾಲದಲ್ಲಿ ಕ್ಯಾಮೆರಾ ಕಲಿಯುವ ಮಕ್ಕಳಿದ್ದಾರೆ. ಎರಡು ಊರುಗಳ ನಡುವೆ ಒಂದು ಗಂಟೆಯ ದಾರಿ; ಇಬ್ಬರೂ ಸೇರಲಿ. ಒಂದು ರಾತ್ರಿಯ ಆಟ, ಮೂರು ಕ್ಯಾಮೆರಾ, ಅದರಲ್ಲಿ ಒಂದು ಬೆಳಗಿನವರೆಗೂ ಹಿಮ್ಮೇಳದ ಮೇಲೇ ಇರಲಿ. ನನ್ನ ಕಪಾಟಿನ ಟೇಪುಗಳಿಗೆ ಬೂಸಲು ಹಿಡಿಯುತ್ತಿದೆ; ನೋಡಬೇಕೆನ್ನುವವರು ಬೇಗ ಬರಲಿ.