ನೊಯ್ಯಲ್ ದಂಡೆಯ ರೋಮನ್ ನಾಣ್ಯಗಳೂ ಆದಿ ಕ್ರೈಸ್ತಮತದ ಜ್ಞಾನವಾದಿಗಳೂ

ಕೊಯಮತ್ತೂರಿನ ಸೆರಗಿನಲ್ಲಿರುವ ವೆಳ್ಳಲೂರು ನೊಯ್ಯಲ್ ನದಿಯ ದಂಡೆಯ ಪ್ರಾಚೀನ ಗ್ರಾಮ. ಹತ್ತೊಂಬತ್ತನೆಯ ಶತಮಾನದ ನಡುವೆ ಅಲ್ಲಿ ಒಂದೇ ನಿಕ್ಷೇಪದಲ್ಲಿ ಐನೂರಕ್ಕೂ ಮಿಕ್ಕ ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಅವುಗಳಲ್ಲಿ ಬಹುಪಾಲು ಅಗಸ್ಟಸ್, ಟೈಬೀರಿಯಸ್ ಎಂಬ ಚಕ್ರವರ್ತಿಗಳ ಕಾಲದವು. ೧೮೦೦ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ನನು ಪೊಳ್ಳಾಚಿಯ ಬಳಿ ಅಂಥವೇ ನಾಣ್ಯಗಳು ಸಿಕ್ಕುದನ್ನು ಬರೆದಿಟ್ಟಿದ್ದಾನೆ. ಯೇಸುವನ್ನು ಶಿಲುಬೆಗೇರಿಸಿದ್ದು ಟೈಬೀರಿಯಸನ ಆಳಿಕೆಯಲ್ಲಿ ಎಂಬುದು ವಾಚಕರಿಗೆ ತಿಳಿದೇ ಇದೆ. ಆ ಮಹಾಪುರುಷನು ನಡೆದಾಡಿದ ದಿನಗಳಲ್ಲಿ ಪಶ್ಚಿಮದಲ್ಲಿ ಕೈಯಿಂದ ಕೈಗೆ ಸಾಗುತ್ತಿದ್ದ ಹಣವೇ ನಮ್ಮ ಹೊಲಗಳ ಮಣ್ಣಿನಲ್ಲಿಯೂ ದೊರೆತಿದೆ.

ಹಣ ಬಂದ ದಾರಿಯಲ್ಲಿ ವಿಚಾರಗಳೂ ಬಂದುವೆ? ಇಲ್ಲಿಂದ ಹೋದುವೆ? ಈ ಪ್ರಶ್ನೆಯನ್ನು ಆದಿ ಕ್ರೈಸ್ತಮತದ ಒಂದು ಮರೆತ ಶಾಖೆಯಾದ ಜ್ಞಾನವಾದಿಗಳ ವಿಷಯದಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ದಾರಿಯ ಮಾತು. ಪಾಲಕ್ಕಾಡಿನ ಕಣಿವೆ ಸಹ್ಯಾದ್ರಿಯ ಗೋಡೆಯಲ್ಲಿ ಪ್ರಕೃತಿಯೇ ತೆರೆದಿಟ್ಟ ಬಾಗಿಲು. ಪಶ್ಚಿಮ ಕರಾವಳಿಯ ಮುಜಿರಿಸ್ ಬಂದರಿಗೂ ಕಾವೇರಿಯ ಬಯಲಿಗೂ ನಡುವಣ ಹಾದಿ ಕೊಂಗುನಾಡಿನ ಮೂಲಕವೇ ಹಾಯುತ್ತಿತ್ತು. ಇಂದಿನ ತಿರುಪ್ಪೂರು ಜಿಲ್ಲೆಯ ಕಾಂಗೇಯಂ ಬಳಿಯ ಪಡಿಯೂರಿನಲ್ಲಿ ವೈಡೂರ್ಯದ ಗಣಿಯಿತ್ತು. ನೊಯ್ಯಲಿನ ಕೆಳದಂಡೆಯ ಕೊಡುಮಣಲಿನಲ್ಲಿ, ಅಂದರೆ ಈಗಿನ ಈರೋಡು ಜಿಲ್ಲೆಯಲ್ಲಿ, ರತ್ನಗಳಿಗೆ ಸಾಣೆ ಹಿಡಿದು ಮಣಿ ಮಾಡುತ್ತಿದ್ದ ಕಮ್ಮಟಗಳ ಕುರುಹು ೧೯೮೫ರಿಂದ ನಡೆದ ಉತ್ಖನನಗಳಲ್ಲಿ ಹೊರಬಿದ್ದಿದೆ. ಎರಡನೆಯ ಶತಮಾನದ ಟಾಲಮಿಯು ವೈಡೂರ್ಯ ದೊರೆಯುವ ಸ್ಥಳವೆಂದು ಹೆಸರಿಸಿದ ಪೌನ್ನಾಟವು ನಮ್ಮ ಕಬಿನಿ ತೀರದ ಪುನ್ನಾಡೆಂದು ವಿದ್ವಾಂಸರು ಗುರುತಿಸಿದ್ದಾರೆ. ಮುಜಿರಿಸಿನಿಂದ ಹೊರಟ ಸರಕು ಕೆಂಗಡಲನ್ನು ದಾಟಿ, ಒಂಟೆಗಳ ಮೇಲೆ ನೈಲ್ ನದಿಯ ಕಾಪ್ಟಸಿಗೂ, ಅಲ್ಲಿಂದ ದೋಣಿಯಲ್ಲಿ ಅಲೆಕ್ಸಾಂಡ್ರಿಯಕ್ಕೂ ಸೇರುತ್ತಿತ್ತು. ೧೯೮೫ರಲ್ಲಿ ಪ್ರಕಟವಾದ, ಎರಡನೆಯ ಶತಮಾನದ ಒಂದು ಪಪೈರಸ್ ಕರಾರುಪತ್ರವು ಇದನ್ನು ಸ್ಪಷ್ಟಪಡಿಸಿದೆ.

ಆ ಅಲೆಕ್ಸಾಂಡ್ರಿಯವೇ ಜ್ಞಾನವಾದದ ದೊಡ್ಡ ಕೇಂದ್ರ. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ (ಕ್ರಿ. ಶ. ೧೧೭–೧೩೮) ಬೆಸಿಲಿಡೀಸನು ಅಲ್ಲಿ ಬೋಧಿಸಿದನು. ವ್ಯಾಲೆಂಟೀನಸನು ಅಲ್ಲಿಯೇ ಕಲಿತು, ಮುಂದೆ ರೋಮಿಗೆ ಹೋಗಿ ಹೆಸರಾದನು. ಇವರನ್ನು ಪಾಶ್ಚಾತ್ಯರು ಕರೆಯುವ ಹೆಸರು ಕನ್ನಡದ ಕಿವಿಗೆ 'ನಾಸ್ತಿಕ' ಎಂದು ಕೇಳಿಸುವುದುಂಟು. ಆದರೆ ಆ ಶಬ್ದಕ್ಕೂ ನಾಸ್ತಿಕತೆಗೂ ಸಂಬಂಧವಿಲ್ಲ. ಗ್ರೀಕಿನ 'ಗ್ನೋಸಿಸ್' ನಮ್ಮ 'ಜ್ಞಾನ'ದ ಒಡಹುಟ್ಟು. ಎರಡೂ ಒಂದೇ ಪುರಾತನ ಧಾತುವಿನಿಂದ ಹುಟ್ಟಿದವು. ಆದುದರಿಂದ ಜ್ಞಾನವಾದಿಗಳೆಂದೇ ಕರೆಯುವುದು ಉಚಿತ.

ಇವರಲ್ಲಿ ಪಂಥಗಳು ಹಲವು. ಎಲ್ಲವನ್ನೂ ಒಂದೇ ಹೆಸರಿನಡಿ ಕಟ್ಟುವುದೇ ತಪ್ಪೆಂದು ಇತ್ತೀಚಿನ ಕೆಲವು ಪಂಡಿತರು ವಾದಿಸುತ್ತಾರೆ. ಆದರೂ ಬಹು ಪಂಥಗಳಲ್ಲಿ ಕಾಣುವ ಕಥೆಯ ಎಳೆ ಇಷ್ಟು: ಪರದೈವವು ಮಾತಿಗೂ ಮನಸ್ಸಿಗೂ ನಿಲುಕದ್ದು. ಅದರಿಂದ ಹೊರಹೊಮ್ಮಿದ ದಿವ್ಯಶಕ್ತಿಗಳಲ್ಲಿ ಸೋಫಿಯಾ, ಎಂದರೆ ಪ್ರಜ್ಞೆ, ಒಂದು. ಅವಳು ಎಡವಿದ್ದರಿಂದ ಒಬ್ಬ ಕೀಳು ಸೃಷ್ಟಿಕರ್ತನು ಹುಟ್ಟಿದನು. ತನ್ನ ಮೇಲೆ ಬೇರೊಬ್ಬನಿರುವುದನ್ನರಿಯದೆ ತಾನೇ ದೇವರೆಂದು ಬೀಗಿ ಈ ಜಗತ್ತನ್ನು ನಿರ್ಮಿಸಿದನು. ಮನುಷ್ಯನೊಳಗೆ ಮೇಲಿನ ಲೋಕದ ಒಂದು ಕಿಡಿ ಸಿಕ್ಕಿಬಿದ್ದಿದೆ. ಅದನ್ನು ನೆನಪಿಸಿ ಬಿಡಿಸಲು ಬಂದವನು ಕ್ರಿಸ್ತನು.

ಸಭೆಯ ಹಿರಿಯರಿಗೆ ಇದು ಸಹನೆಯಾಗಲಿಲ್ಲ. ಸೃಷ್ಟಿ ಒಳ್ಳೆಯದು, ಸೃಷ್ಟಿಕರ್ತನೇ ಯೇಸುವಿನ ತಂದೆ, ಯೇಸು ನಿಜವಾದ ದೇಹದಲ್ಲಿ ನೊಂದು ಸತ್ತನು ಎಂಬುದು ಅವರ ಪಕ್ಷ. ಲಿಯಾನ್ಸಿನ ಬಿಷಪ್ ಐರಿನೇಯಸನು ಸುಮಾರು ೧೮೦ರಲ್ಲಿ ಐದು ಸಂಪುಟಗಳ ಖಂಡನಗ್ರಂಥವನ್ನೇ ಬರೆದನು. ಯಾವ ಸುವಾರ್ತೆಗಳು ಪ್ರಮಾಣ, ಅಪೊಸ್ತಲರ ಪರಂಪರೆ ಯಾರದು, ವಿಶ್ವಾಸದ ಸೂತ್ರವೇನು ಎಂಬ ಪ್ರಶ್ನೆಗಳಿಗೆ ಸಭೆಯು ನಿಖರವಾದ ಉತ್ತರ ಕಂಡುಕೊಂಡದ್ದು ಬಹುಮಟ್ಟಿಗೆ ಇಂಥ ವಾಗ್ವಾದಗಳಲ್ಲಿಯೇ. ಹೊಸ ಒಡಂಬಡಿಕೆಯ ೨೭ ಗ್ರಂಥಗಳ ಪಟ್ಟಿ ಅಥನೇಸಿಯಸನ ೩೬೭ರ ಪತ್ರದಲ್ಲಿ ಮೊದಲ ಬಾರಿ ಇಂದಿನ ರೂಪದಲ್ಲಿ ಕಾಣುತ್ತದೆ. ಗಡಿ ಮೊದಲೇ ಇದ್ದು ಇವರು ಅದನ್ನು ದಾಟಿದವರಲ್ಲ. ಗಡಿಯನ್ನು ಎಳೆಯುವ ವ್ಯಾಜ್ಯದಲ್ಲಿ ಇವರೂ ಒಬ್ಬ ಪಕ್ಷಗಾರರು. ಅಲೆಕ್ಸಾಂಡ್ರಿಯದ ಕ್ಲೆಮೆಂಟನು ಇವರನ್ನು ಖಂಡಿಸುತ್ತಲೇ ಪರಿಪಕ್ವನಾದ ಕ್ರೈಸ್ತನನ್ನು 'ಜ್ಞಾನಿ' ಎಂದೇ ಕರೆದನೆಂಬುದು ಇಲ್ಲಿ ಗಮನಾರ್ಹ.

ನಮ್ಮ ಲೋಕಾಯತರ ಗತಿಯೇ ಇವರಿಗೂ ಒದಗಿತು. ಚಾರ್ವಾಕರ ಮಾತನ್ನು ಅವರ ಎದುರಾಳಿಗಳು ಬರೆದ ಪೂರ್ವಪಕ್ಷದಿಂದಲೇ ಆರಿಸಿಕೊಳ್ಳಬೇಕಾಗಿದೆಯಷ್ಟೆ. ಅಂತೆಯೇ ಜ್ಞಾನವಾದಿಗಳ ಮತವೂ ಬಹುಕಾಲ ಹೆಚ್ಚಾಗಿ ಖಂಡನಕಾರರ ಬಾಯಿಂದಲೇ ತಿಳಿಯುತ್ತಿತ್ತು. ೧೯೪೫ರಲ್ಲಿ ಮೇಲಣ ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ೧೩ ಪುಸ್ತಕಗಳು ದೊರೆತ ಮೇಲೆ ಈ ಸ್ಥಿತಿ ಬದಲಾಯಿತು. ಅವುಗಳೊಳಗೆ ಐವತ್ತರಷ್ಟು ಕೃತಿಗಳಿವೆ. ಯೇಸುವಿನವೆನ್ನಲಾದ ೧೧೪ ವಚನಗಳ ತೋಮನ ಸುವಾರ್ತೆಯೂ ಅಲ್ಲಿದೆ. ಎಲ್ಲವೂ ಗ್ರೀಕಿನಿಂದ ಈಜಿಪ್ಟಿನ ನಾಡುನುಡಿಯಾದ ಕಾಪ್ಟಿಕ್ಕಿಗೆ ಪರಿವರ್ತನೆಯಾದವು.

ಇನ್ನು ಭಾರತದ ಪ್ರಶ್ನೆ. ಅರಿವಿನಿಂದ ಬಿಡುಗಡೆ ಎಂಬುದನ್ನು ಕೇಳಿದೊಡನೆ ನಮ್ಮವರಿಗೆ ಉಪನಿಷತ್ತು ನೆನಪಾಗುವುದು ಸಹಜ. ಸಂಪರ್ಕಕ್ಕೆ ಆಧಾರಗಳೂ ಉಂಟು. ಕ್ಲೆಮೆಂಟನು ಬುದ್ಧನ ಹೆಸರನ್ನು ಬಲ್ಲನು. ಎಡೆಸ್ಸಾದ ಬಾರ್ದೈಸಾನನು (೧೫೪–೨೨೨) ಭಾರತದ ರಾಯಭಾರಿಗಳಿಂದ ಬ್ರಾಹ್ಮಣ-ಶ್ರಮಣರ ವಿಷಯವನ್ನು ಕೇಳಿ ಬರೆದನು. ಹಿಪ್ಪೊಲಿಟಸನದೆಂದು ಎಣಿಸುವ ಮೂರನೆಯ ಶತಮಾನದ ಖಂಡನಗ್ರಂಥದಲ್ಲಿ 'ತಗಬೇನ' ನದಿಯ ನೀರು ಕುಡಿಯುವ, ದೇವರನ್ನು ಬೆಳಕೆನ್ನುವ ಬ್ರಾಹ್ಮಣರ ಪ್ರಸ್ತಾಪವಿದೆ. ಆ ನದಿ ತುಂಗವೇಣಾ, ಎಂದರೆ ನಮ್ಮ ತುಂಗಭದ್ರೆಯೆಂದು ಫ್ರೆಂಚ್ ವಿದ್ವಾಂಸ ಫಿಲಿಯೋಜಾ ೧೯೪೫ರಲ್ಲಿ ಸೂಚಿಸಿದರು. ಕನ್ನಡಿಗರ ಮನಸ್ಸು ಹಿಗ್ಗುವ ಸೂಚನೆಯಿದು.

ಆದರೆ ಹಿಗ್ಗು ಪ್ರಮಾಣವಲ್ಲ. ಜ್ಞಾನವಾದಿಗಳ ಸೃಷ್ಟಿಕಥೆ ಯೆಹೂದ್ಯರ ಆದಿಕಾಂಡದ ಮರುವ್ಯಾಖ್ಯಾನ. ಅವರ ಸೃಷ್ಟಿಕರ್ತನ ಹೆಸರು ಪ್ಲೇಟೋವಿನದು. ಕಥೆಯ ಹಾಸೂ ಹೊಕ್ಕೂ ಅಲ್ಲಿಯವೇ. ನಮ್ಮ ವೇದಾಂತಿಗಳಲ್ಲಿ ಬಂಧನಕ್ಕೆ ಕಾರಣ ಜೀವನ ಅವಿದ್ಯೆ. ಈಶ್ವರನು ಸೆರೆಮನೆಯ ಕಾವಲುಗಾರನಲ್ಲ. ಬೆಸಿಲಿಡೀಸನು ಪುನರ್ಜನ್ಮವನ್ನು ಒಪ್ಪಿದನೆಂದು ಆರಿಜೆನ್ ಹೇಳುತ್ತಾನೆ. ಆದರೆ ಪೈಥಾಗೊರಸನ ಅನುಯಾಯಿಗಳೂ ಅದನ್ನು ಒಪ್ಪಿದ್ದರು. ಹೋಲಿಕೆಯಿದ್ದಲ್ಲೆಲ್ಲ ಹುಟ್ಟಿನ ಸಂಬಂಧ ಕಟ್ಟುವುದು ಚರಿತ್ರೆಯಾಗದು. ದಾರಿ ತೆರೆದಿತ್ತು, ಸುದ್ದಿ ಮುಟ್ಟಿತ್ತು. ಮತವನ್ನೇ ಸಾಲ ತಂದರೆಂಬುದು ಸಿದ್ಧವಾಗಿಲ್ಲ. ಇದು ನಮ್ಮ ನಿರ್ಣಯ.

ಈ ಎಚ್ಚರ ಗಡಿನಾಡಿನ ನಮಗೆ ವಿಶೇಷವಾಗಿ ಬೇಕು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಾಳೂರಿನ ಕಸದ ದಿಬ್ಬಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಆಂಗ್ಲ ವಿದ್ವಾಂಸರು ತೋಮನ ಸುವಾರ್ತೆಯ ಗ್ರೀಕ್ ತುಣುಕುಗಳನ್ನು ೧೮೯೭ರಲ್ಲಿಯೂ ೧೯೦೩ರಲ್ಲಿಯೂ ಕಂಡರು. ಭಾರತದ ಕಡಲತೀರದಲ್ಲಿ ಸೆರೆಯಾದ ಗ್ರೀಕ್ ಹೆಣ್ಣೊಬ್ಬಳ ಪ್ರಹಸನವೂ ಅದೇ ದಿಬ್ಬಗಳಿಂದ ಬಂದು ೧೯೦೩ರಲ್ಲಿ ಅಚ್ಚಾಯಿತು. ಅದರಲ್ಲಿ ಭಾರತೀಯರು ಆಡುವ ಮಾತು ಕನ್ನಡವೆಂದು ಹುಲ್ಷ್ ೧೯೦೪ರಲ್ಲಿ ವಾದಿಸಿದರು. ಮೈಸೂರಿನ ಆರ್. ಶಾಮಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಅದನ್ನು ಮುಂದುವರಿಸಿದರು. ತುಳುವೆಂದವರುಂಟು, ನಗಿಸಲು ಹೆಣೆದ ಅರ್ಥಹೀನ ಶಬ್ದಗಳೆಂದವರೂ ಉಂಟು. ಗಡಿಯಲ್ಲಿ ನಿಂತವರಿಗೆ 'ಎರಡನೆಯ ಶತಮಾನದ ಕನ್ನಡ' ಎಂಬ ಮಾತಿನ ಆಕರ್ಷಣೆ ದೊಡ್ಡದು. ತರಗತಿಯಲ್ಲಿ ಅದನ್ನು ವಿವಾದವೆಂದೇ ಹೇಳಬೇಕು. ಪೊಳ್ಳು ಹೆಮ್ಮೆಯ ಮೇಲೆ ನಿಲ್ಲಿಸಿದ ಮಗು ಒಂದೇ ಪ್ರಶ್ನೆಗೆ ಮುಗ್ಗರಿಸುತ್ತದೆ.

ತೋಮನ ವಿಷಯಕ್ಕೂ ಇದೇ ನ್ಯಾಯ. ಮೂರನೆಯ ಶತಮಾನದ ಆದಿಯಲ್ಲಿ ಎಡೆಸ್ಸಾದ ಸೀಮೆಯಲ್ಲಿ ಹುಟ್ಟಿದ 'ತೋಮನ ಕೃತ್ಯಗಳು' ಅವನನ್ನು ಬಡಗಿಯಾಗಿ ಗುಂಡಫೋರಸ್ ರಾಜನಲ್ಲಿಗೆ ಕರೆತರುತ್ತದೆ. ಆ ಹೆಸರಿನ ಅರಸನಿದ್ದುದನ್ನು ವಾಯವ್ಯ ಭಾರತದ ನಾಣ್ಯಗಳು ಸ್ಥಾಪಿಸಿವೆ. ಕೇರಳದ ಕ್ರೈಸ್ತರ ಪರಂಪರೆಯೋ ಅವನು ೫೨ರಲ್ಲಿ ಮಲಬಾರಿಗೆ ಬಂದನೆನ್ನುತ್ತದೆ. ವೈರಾಗ್ಯವನ್ನು ಅತಿಯಾಗಿ ಹೊಗಳುವ ಆ ಗ್ರಂಥವನ್ನು ಮಾನಿಯ ಮತದವರು ಆದರದಿಂದ ಓದುತ್ತಿದ್ದರು. ಅದರೊಳಗಿನ ಮುತ್ತಿನ ಗೀತೆಯಲ್ಲಿ ರಾಜಕುಮಾರನೊಬ್ಬನು ಮುತ್ತು ತರಲು ಈಜಿಪ್ಟಿಗೆ ಹೋಗಿ, ತಾನು ಯಾರೆಂಬುದನ್ನೇ ಮರೆತು, ಮನೆಯಿಂದ ಬಂದ ಪತ್ರದಿಂದ ಎಚ್ಚರುತ್ತಾನೆ. ಹೊರಡುವಾಗ ತಂದೆತಾಯಿ ಅವನಿಗೆ ಕೊಟ್ಟ ಬುತ್ತಿಯಲ್ಲಿ ಭಾರತದ ರತ್ನಗಳಿವೆ. ಅವು ಪಡಿಯೂರಿನವೆಂದು ನಾವು ಹೇಳುವುದಿಲ್ಲ. ಭಾರತದ ರತ್ನವೆಂದರೆ ಎಡೆಸ್ಸಾದ ಕವಿಗೂ ಗೊತ್ತಿತ್ತು ಎಂಬಷ್ಟೇ ಸಾಕು.

ಕೊನೆಗೆ ಅಧ್ಯಾಪಕ ಬಂಧುಗಳಲ್ಲಿ ಒಂದು ವಿಜ್ಞಾಪನೆ. ತೋಮನ ಸುವಾರ್ತೆ ಜಗತ್ತನ್ನು ಆಳಿದ ಗ್ರೀಕಿನಲ್ಲಿ ಚೂರುಚೂರಾಗಿ ಉಳಿಯಿತು, ಇಡಿಯಾಗಿ ಉಳಿದದ್ದು ಕಾಪ್ಟಿಕ್ಕಿನಲ್ಲಿ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ದೇವಾಂಗ, ಒಕ್ಕಲಿಗ, ಕುರುಬ ಮನೆಗಳಲ್ಲಿ ಕನ್ನಡ ಆಡುವವರು ಅನೇಕರು. ಅದನ್ನು ಓದಿ ಬರೆಯುವವರು ಕೆಲವರು. ಆ ಮನೆಗಳ ಸೋಬಾನೆ, ಕುಲಕಥೆ, ಗಾದೆಗಳು ಬೇರೆಲ್ಲಿ ಉಳಿದಿವೆಯೋ ಹೇಳಲಾಗದು. ಪ್ರತಿಯೊಬ್ಬ ಅಧ್ಯಾಪಕನೂ ಈ ವರ್ಷ ಒಂದು ಮನೆಯ ಹಿರಿಯರ ಮಾತನ್ನು, ಹೇಳಿದವರ ಊರು ಮತ್ತು ದಿನಾಂಕದೊಡನೆ, ತನಗೆ ಒಪ್ಪಿದ್ದನ್ನೂ ಒಪ್ಪದ್ದನ್ನೂ ಬಿಡದೆ, ಬರೆದಿಡಲಿ. ತಪ್ಪನ್ನು ತಿದ್ದುವ ಕೆಲಸ ಮುಂದಿನವರಿಗಿರಲಿ. ಅವರಿಗೆ ತಿದ್ದಲು ಮೂಲವಾದರೂ ಸಿಕ್ಕಬೇಕು.